ಲೋಳೆಯ ಹದ

ಬೆಂಡೆಕಾಯಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸುತ್ತಿದ್ದಾಗ, ತನಗೆ ಏನೂ ಅನ್ನಿಸುತ್ತಿಲ್ಲ ಎಂಬುದು ಅವಳಿಗೆ ಮತ್ತೊಮ್ಮೆ ಅನ್ನಿಸಿತು. ಹಾಗೆ ಅನ್ನಿಸುವುದನ್ನೂ ಅನ್ನಿಸುವುದರ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂದು ಯೋಚಿಸುತ್ತ ಇನ್ನೊಂದು ಕಾಯಿ ಎತ್ತಿಕೊಂಡು ತುದಿ ಮುರಿದಳು. ಟಕ್ಕೆಂದಿತು. ಎಳೆಯದೇ. ಎಳೆಯದು ಎಂದಾಗ ಸಿಗುತ್ತಿದ್ದ ಸಣ್ಣ ಸಮಾಧಾನವೂ ಬರಲಿಲ್ಲ. ನಾಳೆ ಬೆಳಿಗ್ಗೆ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಇವತ್ತು ಸಂಜೆಯೊಳಗೆ ಅಕ್ಕ ಒಂದು ಬಟ್ಟಲಿನಷ್ಟಾದರೂ ಬಾಯಿಂದ ತಿಂದು, ಕೆಮ್ಮದೆ ನುಂಗಿದರೆ ಸರಿ. ಇಲ್ಲದಿದ್ದರೆ ಹೊಟ್ಟೆಗೆ ತೂತು ಮಾಡಿ ಕೊಳವೆ ಹಾಕುತ್ತಾರೆ. ಇನ್ನು ಮೇಲೆ ಅಕ್ಕನ ಊಟವೆಲ್ಲ ಅದರಲ್ಲೇ. ಮೂಗಿಗೆ ಹಾಕಿದ್ದ ಕೊಳವೆಯನ್ನು ಅಕ್ಕ ಲಕ್ವ ಹೊಡೆದ ಮೇಲೆ ಸರಿಯಿದ್ದ ಒಂದೇ ಕೈಯಲ್ಲಿ ಈ ವಾರದಲ್ಲೇ ಎರಡು ಸಲ ಕಿತ್ತೆಸೆದಿದ್ದಳು. ಹೊಟ್ಟೆಯದನ್ನು ಕೀಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅವಳು "ಆಯ್ತು" ಎಂದಿದ್ದಳು, ನಾಳೆಯಿಂದ ಹಾಲು ಅರ್ಧ ಲೀಟರು ಕಡಿಮೆ ಹಾಕಲಾ ಎಂದು ಕೇಳಿದವನಿಗೆ ಅಂದ ಹಾಗೆ. ಡಾಕ್ಟರು ಅವಳ ಮುಖ ನೋಡಿ, "ನಿಮ್ದು ಗಟ್ಟಿ ಮನಸ್ಸು ಕಣಮ್ಮ. ಎಷ್ಟೋ ಜನ ಇಲ್ಲೇ ಕುಸಿದು ಕೂತ್ಬಿಡ್ತಾರೆ" ಎಂದಿದ್ದರು. ಅವಳಿಗೆ ಕಳ್ಳತನದ ಸೀರೆ ಉಟ್ಟು ಹೊಗಳಿಸಿಕೊಂಡ ಹಾಗಾಯಿತು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳಿಸಿಕೊಳ್ಳುವ ಮುಂಚೆ ವಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಹಾಗೆ ಇತ್ತು, ಅಷ್ಟೆ.

ಅವರ ಹೋಟೆಲಿನ ಬೋರ್ಡಿನಲ್ಲಿ ಈ ಕಾಯಿಯ ಅಡುಗೆಯನ್ನು ಸಂಬಾಲ್ ಬೆಂಡೆ ಎಂದು ಬರೆದಿದೆ. ಸಂಬಾಲ್ ಅಂದರೆ ಅರೆದ ಮೆಣಸಿನಕಾಯಿಯ ಖಾರ. ತಿನ್ನುವವರೆಲ್ಲ ಕೆಂಪು ಬೆಂಡೆ ಎನ್ನುತ್ತಾರೆ. ಭಾವ ಹಡಗಿನಲ್ಲಿ ಅಡುಗೆಯವನಾಗಿದ್ದ. ಪೂರ್ವದ ದ್ವೀಪಗಳ ಯಾವುದೋ ಬಂದರಿನಲ್ಲಿ ಒಬ್ಬ ಮುದುಕಿಯ ತಳ್ಳುಗಾಡಿಯ ಪಕ್ಕ ನಿಂತು ಕಲಿತು ಬಂದದ್ದನ್ನು ಅಕ್ಕನಿಗೆ ಕಲಿಸಿದ್ದ. ಭಾವ ಹೋಗಿ ಎಷ್ಟೋ ವರ್ಷವಾಯಿತು, ಬೆಂಡೆ ಉಳಿಯಿತು. ಅದರ ಮೇಲೆ ಹೋಟೆಲು ನಿಂತಿತು, ಮೇಲಿನ ಎರಡು ಕೋಣೆ ನಿಂತವು, ಮದುವೆಯಾಗದೆ ಉಳಿದ ತಂಗಿಯೂ ನಿಂತಳು. ಗಿರಾಕಿಗಳಿಗೆ ಅಕ್ಕ ದೊಡ್ಡಕ್ಕ, ಅವಳು ಚಿಕ್ಕಕ್ಕ. ಅಕ್ಕನ ಕಟ್ಟಳೆಗಳು ಕಟ್ಟಳೆಗಳೇ. ಕಾಯಿಯನ್ನು ಇಡಿಯಾಗಿ ತೊಳೆಯಬೇಕು, ಹೆಚ್ಚಿದ ಮೇಲೆ ನೀರು ತಗಲಬಾರದು. ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಹರಡಬೇಕು. ಓರೆಯಾಗಿ, ಬೆರಳಷ್ಟು ದಪ್ಪಕ್ಕೆ ಹೆಚ್ಚಬೇಕು. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಒಂದೇ ಪದರವಾಗಿ ಬಿಟ್ಟು, ಕೈ ಕಟ್ಟಿ ನಿಲ್ಲಬೇಕು. ಉಪ್ಪು ಕೊನೆಗೆ. ಮುಚ್ಚಳ ಎಂಬ ವಸ್ತು ಆ ಒಲೆಯ ಹತ್ತಿರ ಸುಳಿಯಬಾರದು. "ಹೀಗೆ ಸೌಟಾಡಿಸಿ ಮುದ್ದು ಮಾಡಿದ್ರೆ ಅದು ಅಳದೆ ಇನ್ನೇನು ಮಾಡುತ್ತೆ? ಮುಟ್ಬೇಡ ಕಣೇ. ಸುಮ್ನಿರೋದನ್ನ ಕಲಿ." ತಾನು ಮಾತ್ರ ಒಂದು ಗಳಿಗೆ ಸುಮ್ಮನಿದ್ದವಳಲ್ಲ. ಬೆಳಿಗ್ಗೆ ಗ್ಯಾಸ್ ಹಚ್ಚುವಾಗ ಶುರುವಾದ ಬೈಗುಳ ಬಾಗಿಲೆಳೆಯುವವರೆಗೆ ನಡೆಯುತ್ತಿತ್ತು, ಮಧ್ಯೆ ಉಸಿರಾಡಲು ನಿಲ್ಲಿಸುತ್ತಿದ್ದಳು ಎಂದು ಹೇಳಬಹುದು. ಒಮ್ಮೆ, ಮಧ್ಯಾಹ್ನದ ನೂಕುನುಗ್ಗಲಲ್ಲಿ, ಚಿಕ್ಕಕ್ಕ ಮಾಡಿದ ಬೆಂಡೆಯ ಒಂದು ತುಂಡನ್ನು ಅಕ್ಕ ತಟ್ಟೆಯಿಂದ ಚಮಚದಲ್ಲಿ ಎತ್ತಿದಳು, ಲೋಳೆ ಎಳೆಯಾಗಿ ಜೋತು ಬಿತ್ತು, ಅಕ್ಕ ಅದನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆ ಹಿಡಿದು, "ನೋಡ್ರಪ್ಪಾ, ನಮ್ಮ ತಂಗಿ ದಾರ ನೂಲೋಕೆ ಶುರು ಮಾಡಿದ್ದಾಳೆ, ಸೀರೆ ಬೇಕಾದವ್ರು ಹೇಳಿ" ಎಂದಳು. ಇಡೀ ಹೋಟೆಲು ನಕ್ಕಿತು. ಅವಳೂ ನಕ್ಕಳು. ಆಗ ಅವಳಿಗೆ ನಲವತ್ತು ದಾಟಿತ್ತು. ಆ ನಗು ಮುಖದ ಮೇಲೆ ಎಷ್ಟು ಹೊತ್ತು ಉಳಿಯಿತೆಂದರೆ, ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗಿ ತೊಟ್ಟಿಯಲ್ಲಿ ಇಳಿಸಿದ ಮೇಲೂ ಅಲ್ಲೇ ಇತ್ತು, ತೆಗೆಯಲು ಮರೆತ ಮಾಸ್ಕಿನ ಹಾಗೆ.

ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ನೆನೆಸಿದ ಒಣಮೆಣಸಿನಕಾಯಿ ಮಿಕ್ಸಿಯಲ್ಲಿ ತಿರುಗಿದವು. ಸೀಗಡಿ ಮುದ್ದೆಯ ಒಂದು ತುಂಡನ್ನು ಬಾಣಲೆಯ ಅಂಚಿಗೆ ಒತ್ತಿ ಸುಟ್ಟಳು. ಹುದುಗಿಸಿದ ಸೀಗಡಿಯ ಆ ಕಪ್ಪು ಉಂಡೆ ಸುಡುವಾಗ ಮೊದಲು ಹೆಣದ ವಾಸನೆ, ಆಮೇಲೆ ಅನ್ನದ ವಾಸನೆ ಎನ್ನುತ್ತಿದ್ದಳು ಅಕ್ಕ. ಹೆಣ ಎಲ್ಲಿ ಮುಗಿದು ಅನ್ನ ಎಲ್ಲಿ ಶುರುವಾಗುತ್ತದೆಯೋ ಅಲ್ಲೇ ಎತ್ತಬೇಕು. ಹಿಂದೆ ಎದುರುಮನೆಯವರು ಯಾರಾದರೂ ಸತ್ತಿದ್ದಾರೇನೋ ಎಂದು ಬಾಗಿಲು ಬಡಿದು, ಕೊನೆಗೆ ಎರಡು ತಟ್ಟೆ ಊಟ ಮಾಡಿ ಹೋಗಿದ್ದರು. ಇವತ್ತೂ ಅವಳು ಸರಿಯಾದ ಗಳಿಗೆಯಲ್ಲೇ ಎತ್ತಿದಳು. ಕೈಗೆ ತಾನಾಗಿ ಗೊತ್ತಿತ್ತು. ಖಾರವನ್ನು ಎಣ್ಣೆಯಲ್ಲಿ ಬಾಡಿಸುತ್ತ ನಿಂತಳು. ಅದು ಮೊದಲು ಎಣ್ಣೆ ಕುಡಿಯುತ್ತದೆ, ಆಮೇಲೆ ಬಿಡುತ್ತದೆ. ಬಿಡುವ ಮುಂಚೆ ಒಂದು ಸಣ್ಣ ಸದ್ದು. ಈ ಸದ್ದನ್ನು ಅವಳು ಮೊದಲ ಸಲ ಕೇಳಿದ್ದು ಅಕ್ಕ ಬಿದ್ದ ಮೇಲೆ. ಆಸ್ಪತ್ರೆಯ ಓಡಾಟವೆಲ್ಲ ಒಂದು ಹದಕ್ಕೆ ಬಂದು, ಮತ್ತೆ ಹೋಟೆಲು ತೆರೆದ ಬೆಳಿಗ್ಗೆ, ಒಬ್ಬಳೇ ಒಲೆಯ ಮುಂದೆ ನಿಂತಿದ್ದಾಗ, ಎಣ್ಣೆ ಬಿಡುವ ಸದ್ದು ಕೇಳಿಸಿತ್ತು. ಇಷ್ಟು ವರ್ಷವೂ ಅದು ಇಲ್ಲೇ ಇತ್ತು, ಅಕ್ಕನ ಬೈಗುಳದ ಕೆಳಗೆ. ಹಾಯೆನಿಸಿತ್ತು. ಒಳಗೆ ಎಲ್ಲೋ ಒಂದು ಕಿಟಕಿ ತೆರೆದ ಹಾಗೆ ಹಾಯೆನಿಸಿ, ಹಾಗೆ ಅನ್ನಿಸಿದ್ದು ತನಗೇ ಎಂದು ಗೊತ್ತಾದ ಕೂಡಲೇ ಅವಳು ಆ ಕಿಟಕಿಯನ್ನು ದಡ್ಡನೆ ಮುಚ್ಚಿದ್ದಳು. ಅದರ ಜೊತೆ ಉಳಿದದ್ದೂ ಮುಚ್ಚಿಕೊಂಡಿತೋ ಏನೋ. ಅವತ್ತಿನಿಂದ ಏನೂ ಒಳಗೆ ಬಂದಿಲ್ಲ.

ಬಸ್ಸಿನ ಡ್ರೈವರು ಎಂದಿನ ಹಾಗೆ ಎಲ್ಲರಿಗಿಂತ ಮೊದಲು ಬಂದು ಮೂಲೆಯ ಮೇಜಿಗೆ ಕೂತ. ಅವನು ತಿನ್ನುವಾಗ ಮಾತಾಡುವುದಿಲ್ಲ, ತಿಂದ ಮೇಲೆ ಬಿಡುವುದಿಲ್ಲ. ತಟ್ಟೆ ಎತ್ತಲು ಹೋದಾಗ ಹಣೆಯ ಬೆವರು ಒರೆಸಿಕೊಳ್ಳುತ್ತ, "ಚಿಕ್ಕಕ್ಕಾ, ಒಂದ್ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ದೊಡ್ಡಕ್ಕ ಇದ್ದಾಗ್ಲೂ ಬೆಂಡೆ ಇಷ್ಟು ಚೆನ್ನಾಗಿರ್ತಿರ್ಲಿಲ್ಲ" ಎಂದ.

"ಇದ್ದಾಗ ಅಂದ್ರೆ? ಈಗ್ಲೂ ಇದ್ದಾಳೆ. ಮೇಲಿದ್ದಾಳೆ."

"ಅಯ್ಯೋ! ಮೇಲೆ ಅಂದ್ರೆ ಮಹಡಿ ಮೇಲೆ ತಾನೆ?" ಎಂದು ನಾಲಿಗೆ ಕಚ್ಚಿಕೊಂಡ. "ನಂದೂ ಒಂದು ಬಾಯಿ. ಬಿಡ್ತು ಅನ್ನಿ. ಅಕ್ಕ ಬೇಗ ಹುಷಾರಾಗಿ ಬಂದು ನನ್ನ ನಾಲ್ಕು ಬೈಲಿ. ಬೈಸ್ಕೊಳ್ದೆ ಊಟ ಮೈಗೆ ಹತ್ತುತ್ತಿಲ್ಲ, ನಿಜವಾಗ್ಲೂ."

ಅವನು ನಗಿಸಲು ನೋಡುತ್ತಿದ್ದ, ಅವಳು ನಕ್ಕಳು. ತಾನು ಹಾಗೆ ತಿದ್ದಿದ್ದು ನೋವಾಗಿ ಅಲ್ಲ, ತಿದ್ದಬೇಕಾದ ಮಾತು ಅದು ಎಂದು ಗೊತ್ತಿದ್ದರಿಂದ ಎನ್ನುವುದು ಅವನಿಗೆ ಕಂಡಿತೇ ಎಂದು ಅವನ ಮುಖ ನೋಡಿದಳು. ಕಂಡಿರಲಿಲ್ಲ. ಆದರೆ ಇಷ್ಟು ಚೆನ್ನಾಗಿರಲಿಲ್ಲ ಎಂಬ ಮಾತು ಕಿವಿಯಲ್ಲೇ ಉಳಿಯಿತು. ಬಹಳ ವರ್ಷ ಅವಳು ಆ ಮಾತಿಗೆ ಕಾದಿದ್ದಳು. ರಾತ್ರಿ ಮಲಗಿ ಯಾರು ಯಾರ ಮುಂದೆ ಅದನ್ನು ಹೇಳುತ್ತಾರೆ, ಆಗ ಅಕ್ಕನ ಮುಖ ಹೇಗಾಗುತ್ತದೆ ಎಂದೆಲ್ಲ ಕಟ್ಟಿಕೊಂಡಿದ್ದಳು. ಈಗ ಅದು ಬಂದಾಗ, ಬೇರೆಯವರ ಮನೆಗೆ ಬಂದ ಪಾರ್ಸಲ್ಲನ್ನು ಸಹಿ ಹಾಕಿ ತೆಗೆದುಕೊಂಡ ಹಾಗಿತ್ತು. ತಟ್ಟೆಯನ್ನು ತೊಟ್ಟಿಗೆ ಹಾಕಿದಳು. ಪಾತ್ರೆ ತೊಳೆಯುವವಳು ತಲೆಯೆತ್ತದೆ, "ದೊಡ್ಡಕ್ಕಂಗೆ ಬೆಳಿಗ್ಗೆ ಗಂಜಿ ಕೊಟ್ಟೆ. ಬಾಯಿ ಬಿಡ್ಲಿಲ್ಲ. ಗಿಣಿಗೆ ಹೇಳೋ ಹಾಗೆ ಹೇಳ್ದೆ, ಊಹೂಂ. ಹಲ್ಲು ಕಚ್ಕೊಂಡು ಕೂತ್ಬಿಡ್ತಾರೆ" ಎಂದಳು.

ಗಂಜಿ, ರುಬ್ಬಿದ ಅನ್ನ, ರುಬ್ಬಿದ ತರಕಾರಿ, ಆಸ್ಪತ್ರೆಯ ಪುಡಿ ಕಲಸಿ ಗಟ್ಟಿ ಮಾಡಿದ ನೀರು. ಅಕ್ಕ ಯಾವುದನ್ನೂ ಒಳಗೆ ಬಿಟ್ಟಿರಲಿಲ್ಲ. ಹೇಗೋ ಒಳಗೆ ಹೋದ ಸ್ವಲ್ಪವೂ ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿದು, ಮುಖ ನೀಲಿಯಾಗುವವರೆಗೆ ಕೆಮ್ಮಿಸಿತ್ತು. ನುಂಗುವುದನ್ನು ಮತ್ತೆ ಕಲಿಸಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಹೆಸರು ಹೇಳಿದ್ದಳು, ನೆನಪಾಗದೆ ಗಂಟಲಿನ ಮೇಡಂ ಎಂದೇ ಕರೆದು ಅಭ್ಯಾಸವಾಗಿತ್ತು. ಮೊನ್ನೆ ಬಂದಾಗ ಆ ಹುಡುಗಿ ಅಕ್ಕನ ಗಂಟಲ ಮೇಲೆ ಎರಡು ಬೆರಳಿಟ್ಟು ಬಹಳ ಹೊತ್ತು ಕಾದು, ಏನೂ ಕದಲದಿದ್ದಾಗ, ಹೊರಗೆ ಮೆಟ್ಟಿಲ ಹತ್ತಿರ ಬಂದು ಕೇಳಿದ್ದಳು: "ಇವ್ರಿಗೆ ತುಂಬಾ ಇಷ್ಟ ಆಗ್ತಿದ್ದ ತಿಂಡಿ ಏನಾದ್ರೂ ಇದ್ಯಾಮ್ಮ?"

"ಕೆಂಪು ಬೆಂಡೆ. ಆದ್ರೆ ಅದು ಖಾರ."

"ಖಾರ ಒಳ್ಳೇದೇ. ಖಾರ ತಗಲಿದ್ರೆ ಗಂಟಲಿಗೆ ಎಚ್ಚರ ಆಗುತ್ತೆ, ಏನೋ ಬಂತು ಅಂತ ಗೊತ್ತಾಗುತ್ತೆ. ಜೊತೆಗೆ ಬೆಂಡೇಲಿ ಲೋಳೆ ಬೇರೆ ಇರುತ್ತಲ್ಲ."

"ನಮ್ದರಲ್ಲಿ ಇರಲ್ಲ." ಹೆಮ್ಮೆಯಿಂದ ಬಂದುಬಿಟ್ಟಿತ್ತು ಮಾತು.

"ಇರೋ ಹಾಗೆ ಮಾಡಿ. ಲೋಳೆ ಇದ್ರೆ ಒಂದೇ ಉಂಡೆಯಾಗಿ ಜಾರುತ್ತೆ, ಚೆದುರಲ್ಲ. ಬೀಜ ನಾರು ಇರಬಾರದು, ಜರಡಿ ಹಿಡೀರಿ. ಚಮಚ ವಾಲಿಸಿದ್ರೆ ಮೆತ್ತಗೆ ಜಾರಬೇಕು, ಹರೀಬಾರದು, ಅಂಟ್ಕೊಂಡೂ ಇರಬಾರದು. ನಾಡಿದ್ದು ನಾನೇ ಬಂದು ಕೂತು ತಿನ್ನಿಸಿ ನೋಡ್ತೀನಿ. ಆಗ್ಲೂ ಆಗ್ಲಿಲ್ಲ ಅಂದ್ರೆ..." ಎಂದು ಹುಡುಗಿ ಬ್ಯಾಗಿನ ಪಟ್ಟಿ ಸರಿ ಮಾಡಿಕೊಂಡಿದ್ದಳು. ಆ ನಾಡಿದ್ದು ಇವತ್ತು.

ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಅವಳು ಮೇಲೆ ಹೋದಳು. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬಲಗಡೆ ದಿಂಬು ಒತ್ತಿಕೊಂಡು, ಇಟ್ಟ ಹಾಗೆ ಇದ್ದಳು. ಮುಖದ ಒಂದು ಪಾಲು ಅಕ್ಕನದು, ಇನ್ನೊಂದು ಯಾರದೋ. ಅವಳು ಯಾವಾಗಲೂ ಅಕ್ಕನ ಪಾಲಿನ ಕಡೆಗೇ ಕೂರುತ್ತಿದ್ದಳು. ಮಾತು ನಿಂತು ಹೋಗಿತ್ತು. ಒಳಗೆ ಎಷ್ಟು ಅರ್ಥವಾಗುತ್ತದೆ ಎನ್ನುವುದನ್ನು ಈಗಲೇ ಹೇಳಲಾಗದು ಎಂದಿದ್ದರು. ಅರ್ಥವಾಗುತ್ತದೆ ಎಂದೇ ಅವಳು ನಡೆದುಕೊಂಡು ಬಂದಿದ್ದಳು, ಅದೂ ಒಂದು ಥರದ ಹೆದರಿಕೆಯಿಂದಲೇ. ಅಕ್ಕನ ಎದುರು ಇಂದಿಗೂ ಅವಳು ಹೊದಿಕೆಯನ್ನು ಸರಿಯಾಗಿ ಮಡಚುತ್ತಿದ್ದಳು. "ಅಕ್ಕಾ, ಇವತ್ತು ನಿನಗೆ ಕೆಂಪು ಬೆಂಡೆ ಮಾಡ್ತಿದ್ದೀನಿ. ಸ್ವಲ್ಪ ಬೇರೆ ಥರ ಇರುತ್ತೆ. ಗಂಟಲಿನ ಮೇಡಂ ಹೇಳಿದ್ದಾರೆ. ನೀನು ತಿನ್ಬೇಕು, ಆಯ್ತಾ? ತಿನ್ಲಿಲ್ಲ ಅಂದ್ರೆ ನಾಳೆ ಹೊಟ್ಟೆ ಕೊಯ್ತಾರೆ." ಅಕ್ಕ ಅವಳ ಕುಪ್ಪಸದ ತೋಳಿನ ಅರಿಶಿನದ ಕಲೆಯನ್ನು ನೋಡುತ್ತಿದ್ದಳು, ಅಥವಾ ತೋಳು ಇದ್ದ ಜಾಗವನ್ನು. ಕೊಯ್ತಾರೆ ಎಂದು ಹೇಳಬಾರದಿತ್ತು ಎಂದು ಅವಳಿಗೆ ಆಮೇಲೆ ಹೊಳೆಯಿತು. ಚಿಕ್ಕಂದಿನಲ್ಲಿ ಊಟ ಮಾಡದೆ ಹಟ ಹಿಡಿದರೆ ಅಕ್ಕ ಹೀಗೇ ಹೆದರಿಸುತ್ತಿದ್ದಳು. ಅಮ್ಮ ಕೆಲಸಕ್ಕೆ ಹೋದ ಮೇಲೆ ಇವಳನ್ನು ಗೋಡೆಗೆ ಒರಗಿಸಿ, ಮೂಗು ಹಿಡಿದು, ಬಾಯಿ ತೆರೆದ ಕೂಡಲೇ ತುತ್ತು ತುರುಕುತ್ತಿದ್ದಳು. ಆಗ ಅಕ್ಕನಿಗೇ ಒಂಬತ್ತೋ ಹತ್ತೋ. ಒಮ್ಮೆ ಅವಳು ಅಕ್ಕನ ಬೆರಳು ಕಚ್ಚಿದ್ದಳು, ರಕ್ತ ಬರುವ ಹಾಗೆ. ಅಕ್ಕ ಕೈ ತೊಳೆದು ಬಂದು ಇನ್ನೊಂದು ತುತ್ತು ಕಲಸಿದ್ದಳು. ಅಕ್ಕನ ಬೆರಳುಗಳನ್ನು ಬಿಡಿಸಿ ಆ ಗುರುತು ಇದೆಯೇ ಎಂದು ನೋಡಿದಳು. ಬೆರಳ ತುಂಬ ಬಾಣಲೆಯ ಸುಟ್ಟ ಗುರುತುಗಳು, ಅದರಲ್ಲಿ ಯಾವುದು ಎಂದು ಹೇಗೆ ಹುಡುಕುವುದು.

ಕೆಳಗೆ ಬಂದು ಅಕ್ಕನಿಗೆಂದು ತೆಗೆದಿಟ್ಟಿದ್ದ ಬೆಂಡೆಕಾಯಿಗಳನ್ನು ಮುಂದಿಟ್ಟುಕೊಂಡಳು. ಕೆಡಿಸುವುದಕ್ಕೆ ಏನು ಮಹಾ ವಿದ್ಯೆ ಬೇಕು ಎಂದುಕೊಂಡು ಶುರು ಮಾಡಿದವಳಿಗೆ, ಸ್ವಲ್ಪ ಹೊತ್ತಿನ ಮೇಲೆ ಬಾಣಲೆಯಲ್ಲಿ ನೋಡಿದರೆ, ಕಾಯಿಗಳು ಅಂಚಿನಲ್ಲಿ ಕಪ್ಪಾಗಿ, ಮೈಯಲ್ಲಿ ಹಸಿರಾಗಿ, ಖಡಕ್ಕಾಗಿ ಕೂತಿದ್ದವು. ಹೆಸರಿಗೂ ಲೋಳೆಯಿಲ್ಲ. ಯಾವಾಗ ಒರೆಸಿದಳು, ಯಾವಾಗ ಓರೆಯಾಗಿ ಹೆಚ್ಚಿದಳು, ಬಾಣಲೆ ಹೊಗೆಯಾಡುವವರೆಗೆ ಯಾಕೆ ಕಾದಳು, ಒಂದೂ ಗೊತ್ತಾಗಿರಲಿಲ್ಲ. ತಲೆಯಲ್ಲಿ ಗಂಟಲಿನ ಮೇಡಂ ಇದ್ದಳು, ಕೈಯಲ್ಲಿ ಅಕ್ಕ. ಪಾತ್ರೆ ತೊಳೆಯುವವಳು ಕೈ ಒರೆಸಿಕೊಳ್ಳುತ್ತ ಬಂದು ಇಣುಕಿದಳು.

"ಇದೇನು ಚಿಕ್ಕಕ್ಕಾ, ಗಿರಾಕಿಗೆ ಮಾಡಿದ ಹಾಗೇ ಇದೆಯಲ್ಲ! ಇದನ್ನ ದೊಡ್ಡಕ್ಕ ನುಂಗ್ತಾರಾ?"

"ಕೈ ಕೇಳ್ಲಿಲ್ಲ ಕಣೇ."

"ಹೊಡೆತ ತಿಂದು ಕಲಿತ ಪಾಠ, ಸುಮ್ನೆ ಬಿಟ್ಟು ಹೋಗುತ್ತಾ? ಬೇಕಾದ್ರೆ ನಾನು ಮಾಡ್ಲಾ? ನಾನು ಮಾಡಿದ ಬೆಂಡೆಕಾಯಿ ಯಾವತ್ತೂ ಗೋಂದು. ನಮ್ಮನೆಯವ್ರು ಅದ್ರಲ್ಲಿ ಪಟ ಅಂಟಿಸ್ಬಹುದು ಅಂತಾರೆ."

"ಬೇಡ. ನಾನೇ ಮಾಡ್ಬೇಕು." ಯಾಕೆ ತಾನೇ ಮಾಡಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ. ಪಾತ್ರೆ ತೊಳೆಯುವವಳು ಆ ಖಡಕ್ ಬೆಂಡೆಯನ್ನು ಒಂದು ಡಬ್ಬಿಗೆ ತುಂಬಿಕೊಂಡು, "ಹಾಗಾದ್ರೆ ಇದು ನಮ್ಮನೆಗೆ" ಎಂದು ಖುಷಿಯಿಂದ ಹೋದಳು.

ಎರಡನೆಯ ಸಲ ಅವಳು ಒಂದೊಂದನ್ನೂ ಬಾಯಿಬಿಟ್ಟು ಹೇಳಿಕೊಂಡು ಮಾಡಿದಳು. ಮೊದಲು ಹೆಚ್ಚು. ಸಣ್ಣಗೆ, ಗುಂಡಗೆ. ಈಗ ತೊಳೆ. ನೀರಿಗೆ ಹಾಕುವಾಗ ಕೈ ಒಂದು ಕ್ಷಣ ತಡೆಯಿತು, ಎಂಜಲು ಕೈಯನ್ನು ಪಾತ್ರೆಗೆ ಅದ್ದುವ ಮುಂಚೆ ತಡೆಯುವ ಹಾಗೆ. ತಣ್ಣಗಿನ ಬಾಣಲೆಗೆ ಸುರಿ. ಸಣ್ಣ ಉರಿ. ಉಪ್ಪು ಈಗಲೇ. ನೀರು ಹಾಕು. ಸೌಟಾಡಿಸು, ಸುಮ್ಮನಿರಬೇಡ. ಒಂದೊಂದಕ್ಕೂ ಅಕ್ಕನ ಗದರಿಕೆ ತಲೆಯಲ್ಲಿ ಕೇಳಿಸಲಿ ಎಂದು ಕಾದಳು. ಕೇಳಿಸಿತು, ಆದರೆ ಅದು ಅವಳೇ ಅಕ್ಕನ ದನಿಯಲ್ಲಿ ಹೇಳಿಕೊಂಡದ್ದು. ಬೈಗುಳದ ಮೊದಲ ಅರ್ಧ ಸಿಕ್ಕರೆ ಕೊನೆಯ ಅರ್ಧ ಸಿಗುತ್ತಿರಲಿಲ್ಲ. ಅಕ್ಕ ಒಂದೇ ಬೈಗುಳವನ್ನು ಎರಡು ಸಲ ಬಳಸುವವಳಲ್ಲ, ಅದಕ್ಕೇ ಗಿರಾಕಿಗಳು ಕಿವಿಗೊಡುತ್ತಿದ್ದರು. ಮುಚ್ಚಳ ಹುಡುಕಿದಳು. ಆ ಬಾಣಲೆಗೆ ಮುಚ್ಚಳವೇ ಇರಲಿಲ್ಲ, ಇಷ್ಟು ವರ್ಷದಲ್ಲಿ ಕೊಂಡೇ ಇರಲಿಲ್ಲ. ಅನ್ನದ ಪಾತ್ರೆಯ ತಟ್ಟೆಯನ್ನು ಮುಚ್ಚಿ, ಅದರ ಮೇಲೆ ಕೈಯಿಟ್ಟು ನಿಂತಳು, ಒಳಗಿರುವುದು ಎದ್ದು ಓಡಿಹೋಗುವ ಹಾಗೆ. ಕದ್ದು ಏನನ್ನೋ ಮಾಡುತ್ತಿರುವ ಮಗುವಿನ ಖುಷಿ ಎಲ್ಲೋ ತುದಿಯಲ್ಲಿ ಮಿಣುಕಿದಂತಾಯಿತು, ಆರಿತು. ತಟ್ಟೆ ತೆಗೆದಾಗ ಹಸಿರು ಹೋಗಿ ಸೈನ್ಯದವರ ಬಟ್ಟೆಯ ಬಣ್ಣ ಬಂದಿತ್ತು. ಸೌಟಿಗೆ ಲೋಳೆ ಜೋತು ಬಂತು. ಬೇಕಾದಷ್ಟು ಬಂತು. ಬಾಡಿಸಿಟ್ಟ ಖಾರ ಬೆರೆಸಿ, ಜರಡಿಗೆ ಹಾಕಿ, ಸೌಟಿನ ಬೆನ್ನಿನಿಂದ ಒತ್ತಿ ಒತ್ತಿ ಇಳಿಸಿದಳು. ಬೀಜ, ನಾರು, ಸಿಪ್ಪೆ ಮೇಲೆ ಉಳಿದವು. ಹುಣಸೆರಸ ಹಾಕಲು ಹೋಗಿ ನಿಲ್ಲಿಸಿದಳು. ಹುಳಿ ಬಿದ್ದರೆ ಲೋಳೆ ಮುರಿಯುತ್ತದೆ. ನಾಲಿಗೆಗೆ ಹಚ್ಚಿ ನೋಡಿದಳು. ಖಾರವಿತ್ತು, ಆ ಸುಟ್ಟ ಸೀಗಡಿಯ ಆಳವೂ ಇತ್ತು. ಅದರ ಮೇಲೆಲ್ಲ ಈ ಲೋಳೆ, ಈ ಹಸಿಬಿಸಿ ವಾಸನೆ. ಕೆಟ್ಟದಾಗಿತ್ತು. ಇದನ್ನು ಯಾರಿಗಾದರೂ ಬಡಿಸಿದ್ದರೆ ಅಕ್ಕ ತಟ್ಟೆ ಕಿತ್ತುಕೊಂಡು ಬೀದಿಗೆಸೆಯುತ್ತಿದ್ದಳು. ಇವಳನ್ನೂ ಜೊತೆಗೆ ಎಸೆದರೆ ಆಶ್ಚರ್ಯವಿರಲಿಲ್ಲ. ಬಟ್ಟಲಿಗೆ ಬಗ್ಗಿಸಿ, ಬಿಸಿ ಆರಲು ಇಟ್ಟು, ಅವಳು ಮೊದಲ ಸಲ ಇದಕ್ಕೆ ಅಕ್ಕ ಏನು ಮಾಡುತ್ತಾಳೆ ಎಂದು ನಿಜವಾಗಿ ಯೋಚಿಸಿದಳು. ಉಗುಳುತ್ತಾಳೆ. ಉಗುಳಿದರೆ ಕೊಳವೆ. ಕೊಳವೆಯಾದರೆ ಅಕ್ಕನ ನಾಲಿಗೆಯ ಕೆಲಸ ಮುಗಿಯಿತು. ಅಡುಗೆಮನೆ ತನಗೆ, ಡ್ರೈವರನ ಮಾತು ತನಗೆ, ಎಣ್ಣೆ ಬಿಡುವ ಸದ್ದು ತನಗೆ. ಅಕ್ಕ ಉಗುಳಲಿ ಎಂದು ಬಯಸುತ್ತಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಹೌದೆಂದೂ ಬರಲಿಲ್ಲ, ಇಲ್ಲವೆಂದೂ ಬರಲಿಲ್ಲ.

ಗಂಟಲಿನ ಮೇಡಂ ಹೇಳಿದ ಹೊತ್ತಿಗೆ ಬಂದಳು, ಮೆಟ್ಟಿಲು ಹತ್ತುತ್ತಲೇ "ಅಬ್ಬಾ, ಏನು ಘಾಟು!" ಎಂದು ಸೀನಿ, ನಕ್ಕಳು. ಚಮಚ ವಾಲಿಸಿ ನೋಡಿದಳು. ಕೆಂಪು ಮುದ್ದೆ ಒಂದು ಕ್ಷಣ ತಡೆದು, ಒಟ್ಟಿಗೆ ಜಾರಿತು. "ಇದು ಹದ! ನಮ್ಮ ಪುಡೀಲೂ ಇಷ್ಟು ಚೆನ್ನಾಗಿ ಬರಲ್ಲ ಕಣಮ್ಮ. ನಿಮ್ಮ ಕೈ ಹದ ಅಂದ್ರೆ ಹದ." ಅವಳು ತಲೆ ತಗ್ಗಿಸಿದಳು. ಹುಡುಗಿ ಅಕ್ಕನ ಬೆನ್ನನ್ನು ನೆಟ್ಟಗೆ ಮಾಡಿ, ಗದ್ದವನ್ನು ಎದೆಯ ಕಡೆ ಬಗ್ಗಿಸಿ, ಗಂಟಲ ಮೇಲೆ ಎರಡು ಬೆರಳಿಟ್ಟಳು. "ನೀವೇ ಕೊಡಿ. ಸ್ವಲ್ಪ, ನಾಲಿಗೆ ಮಧ್ಯಕ್ಕೆ. ಸರಿ ಇರೋ ಕಡೆಯಿಂದ."

ಚಮಚ ತುಟಿಯ ಹತ್ತಿರ ಬಂದಾಗ ಅಕ್ಕನ ಮೂಗಿನ ಹೊಳ್ಳೆ ಅರಳಿತು. ತುಟಿ ಬಿಟ್ಟುಕೊಂಡಿತು. ಇಷ್ಟು ದಿನ ಕಚ್ಚಿಕೊಂಡೇ ಇದ್ದ ಹಲ್ಲು ತೆರೆದು, ಒಳಗೆ ನಾಲಿಗೆ ಕಾಣಿಸಿತು. ಅವಳು ಮುದ್ದೆಯನ್ನು ಅದರ ಮೇಲೆ ಇಳಿಸಿ ಚಮಚ ಹಿಂದಕ್ಕೆಳೆದಳು. ಅಕ್ಕನ ಹಣೆಯ ಮೇಲೆ, ಅಕ್ಕನ ಪಾಲಿನಲ್ಲಿ, ಒಂದು ಗೆರೆ ಮೂಡಿತು. ಬಂತು ಎಂದುಕೊಂಡಳು ಅವಳು. ಬೆನ್ನು ತಾನಾಗಿ ಸೆಟೆಯಿತು, ಭುಜ ಸಣ್ಣದಾಯಿತು, ಬೈಸಿಕೊಳ್ಳಲು ಮೈ ಸಿದ್ಧವಾಯಿತು. ಗೆರೆ ಹೋಯಿತು. ಹುಡುಗಿಯ ಎರಡು ಬೆರಳು ಮೇಲೇರಿ ಕೆಳಗಿಳಿದವು. "ನುಂಗಿದ್ರು!" ಎಂದು ಪಿಸುಗುಟ್ಟಿದಳು ಹುಡುಗಿ. "ಕೆಮ್ಮಲಿಲ್ಲ ನೋಡಿ. ಇನ್ನೊಂದು." ಇನ್ನೊಂದು ಹೋಯಿತು. ಅಕ್ಕನ ಕಣ್ಣಲ್ಲಿ ಖಾರದ ನೀರು ತುಂಬಿತು, ಮೂಗು ಸೋರಿತು, ಅವಳು ಒರೆಸಿದಳು. ಒರೆಸುವಷ್ಟರಲ್ಲಿ ಬಾಯಿ ತೆರೆದಿತ್ತು. ಮತ್ತೊಂದು. ಮತ್ತೊಂದು. ಬಟ್ಟಲು ಅರ್ಧಕ್ಕಿಳಿದಾಗ ಹುಡುಗಿಗೆ ತಡೆಯಲಾಗಲಿಲ್ಲ. "ಡಾಕ್ಟರಿಗೆ ಫೋನ್ ಮಾಡ್ಬಿಡ್ತೀನಿ. ನಾಳೆ ಹೊಟ್ಟೆಗೆ ಕೊಳವೆ ಬೇಡ. ನೀವು ಅವ್ರ ಜೀವ ಉಳಿಸಿದ್ರಿ ಕಣಮ್ಮ. ನಿಧಾನವಾಗಿ ಕೊಡ್ತಾ ಇರಿ, ನಾನು ಬಾಗಿಲಲ್ಲೇ ಇರ್ತೀನಿ" ಎಂದು ಫೋನು ಹಿಡಿದು ಮೆಟ್ಟಿಲ ಹತ್ತಿರ ಹೋದಳು. ಅವಳ ಉತ್ಸಾಹದ ದನಿ ಅಲ್ಲಿಂದ ಕೇಳಿಸುತ್ತಿತ್ತು.

ಅವಳು ಚಮಚವನ್ನು ಬಟ್ಟಲಿನಲ್ಲೇ ಬಿಟ್ಟಳು. ಅಕ್ಕ ಕಾದಳು. ಅಕ್ಕನ ಕಣ್ಣು ಬಟ್ಟಲಿನ ಮೇಲಿತ್ತು. ಅಲ್ಲಿ ಕೋಪವಿರಲಿಲ್ಲ, ಅಸಹ್ಯವಿರಲಿಲ್ಲ, ಹೋಗಲಿ ಬಿಡು ಎಂಬ ಕ್ಷಮೆಯೂ ಇರಲಿಲ್ಲ. ಬರಿಯ ಹಸಿವಿತ್ತು. ಇಂಥದ್ದೊಂದನ್ನು ಬಾಯಿಗಿಟ್ಟರೆ ಅಕ್ಕ ತಿನ್ನುತ್ತಾಳೆ, ಇನ್ನೂ ಕೇಳುತ್ತಾಳೆ ಎನ್ನುವುದು ಅವಳ ತಲೆಗೆ ನಿಧಾನವಾಗಿ ಇಳಿಯತೊಡಗಿತು.

"ಅಕ್ಕಾ, ಚೆನ್ನಾಗಿಲ್ಲ ಅಲ್ವಾ ಇದು?" ಎಂದಳು.

ಅಕ್ಕ ಬಟ್ಟಲು ನೋಡುತ್ತಿದ್ದಳು.

"ಮುಚ್ಚಳ ಮುಚ್ಚಿ ಬೇಯ್ಸಿದ್ದೀನಿ. ಹೆಚ್ಚಿದ ಮೇಲೆ ತೊಳ್ದಿದ್ದೀನಿ ಕಣೇ. ಉಪ್ಪು ಮೊದಲೇ ಹಾಕ್ದೆ. ಹುಣಸೆಹುಳಿ ಹಾಕೇ ಇಲ್ಲ. ಕೇಳಿಸ್ತಾ? ನಾಯಿಗೆ ಹಾಕಿದ್ರೂ ಮೂಸಲ್ಲ ಇದನ್ನ." ದನಿ ಏರುತ್ತಿದ್ದುದು ಅವಳಿಗೆ ಕೇಳಿಸಿತು, ಅದು ಯಾರ ದನಿ ಎಂದು ಗುರುತು ಸಿಗಲಿಲ್ಲ. "ಬೈಯೇ. ಒಂದೇ ಒಂದು ಸಲ ಬೈಯೇ ಅಕ್ಕಾ. ಮಾತು ಬರದಿದ್ರೆ ಬೇಡ, ಮುಖ ಸಿಂಡರಿಸು. ಉಗುಳು. ನನ್ನ ಮುಖದ ಮೇಲೇ ಉಗುಳು."

ಎದೆಯ ಒಳಗೆ ಏನೋ ಹರಿಯಿತು. ನೋವು ಎಂದರೆ ಇದೇ ಎಂದು ಅವಳಿಗೆ ಗುರುತಾಗುವಷ್ಟರಲ್ಲಿ ಅದು ಗಂಟಲಿಗೆ ಬಂದಿತ್ತು, ನುಂಗಲು ನೋಡಿದರೆ ಇಳಿಯಲಿಲ್ಲ. ಅಕ್ಕ ಹೋಗಿಬಿಟ್ಟಿದ್ದಾಳೆ. ಬಿದ್ದ ದಿನವೇ ಹೋಗಿದ್ದಾಳೆ. ಇಷ್ಟು ದಿನ ಗಂಜಿಗೆ ಹಲ್ಲು ಕಚ್ಚಿಕೊಂಡು ಕೂತದ್ದನ್ನು ಅಕ್ಕನ ಹಟ ಎಂದು, ಅಕ್ಕ ಒಳಗಿದ್ದಾಳೆ ಎಂದು ತಾನು ತಿಳಿದುಕೊಂಡದ್ದು, ಅಷ್ಟೆ. ಈ ಬಾಯಿಗೆ ಹಟವಿರಲಿಲ್ಲ, ರುಚಿಯ ನೆನಪೂ ಇರಲಿಲ್ಲ; ಖಾರ ಬೇಕಿತ್ತು, ಜಾರಬೇಕಿತ್ತು. ಅವಳು ಅಕ್ಕನ ಮೊಣಕಾಲಿಗೆ ಹಣೆ ಒತ್ತಿ ಜೋರಾಗಿ ಅತ್ತಳು. ಮೆಟ್ಟಿಲ ಹತ್ತಿರದ ಹುಡುಗಿ ಮಾತು ನಿಲ್ಲಿಸಿ, "ಖುಷಿಗೆ ಅಳ್ತಿದ್ದಾರೆ ಡಾಕ್ಟರ್" ಎಂದು ಫೋನಿಗೆ ಹೇಳಿದಳು.

ತಲೆಯ ಹತ್ತಿರ ಏನೋ ಸದ್ದಾಯಿತು. ಕತ್ತೆತ್ತಿ ನೋಡಿದಳು. ಅಕ್ಕ ಸರಿಯಿದ್ದ ಕೈಯ ಬೆರಳಿನಿಂದ ಬಟ್ಟಲಿನ ಅಂಚನ್ನು ತಟ್ಟುತ್ತಿದ್ದಳು, ಬಾಯಿ ತೆರೆದುಕೊಂಡು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಚಮಚ ತುಂಬಿದಳು, ಸ್ವಲ್ಪ, ನಾಲಿಗೆಯ ಮಧ್ಯಕ್ಕೆ. "ನಿಧಾನ," ಎಂದಳು, "ಯಾರೂ ಕಿತ್ಕೊಳ್ಳಲ್ಲ. ನಿಧಾನವಾಗಿ ನುಂಗು."